ಮೀನಿಗೆ ತಾಗಿದ ದೃಷ್ಟಿ

ನಮ್ಮ ಅಕ್ವೇರಿಯಂನ ಕಿತ್ತಳೆ ಮೀನಿನ ಮೈಮೇಲೆಲ್ಲ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಎದ್ದಿತು. ಮೀನಿನ ಅಂಗಡಿಯವನಿಗೆ ಫೋನ್ ಮಾಡಿದೆ.

"ನೀರು ಕೆಟ್ಟಿದೆ ಮೇಡಂ. ಸ್ವಲ್ಪ ಬದಲಾಯಿಸಿ, ಒಂದು ಹಿಡಿ ಕಲ್ಲುಪ್ಪು ಹಾಕಿ."

ನೀರೇನೋ ಬದಲಾಯಿಸಿದೆ. ಉಪ್ಪಿನ ಡಬ್ಬಿ ತೆಗೆದದ್ದೇ ತಡ, ಅತ್ತೆ ಅಡ್ಡ ನಿಂತರು.

"ಜೀವ ಇರೋ ಮೀನನ್ನ ಉಪ್ಪಿನಕಾಯಿ ಹಾಕ್ತೀಯೇನೇ? ಅದಕ್ಕೆ ದೃಷ್ಟಿ ತಾಗಿದೆ, ಅಷ್ಟೇ!"

ನನಗೆ ಒಳಗೊಳಗೇ ನಗು ಉಕ್ಕಿತು. "ಹಾಗಾದ್ರೆ ನೀವೇ ತೆಗೀರಿ ಅತ್ತೆ."

ಅತ್ತೆ ಹಿಡಿ ತುಂಬ ಕಲ್ಲುಪ್ಪು ತೆಗೆದುಕೊಂಡು, "ನಾಯಿ ಕಣ್ಣು, ನರಿ ಕಣ್ಣು, ಪಕ್ಕದ ಮನೆಯವಳ ಕಣ್ಣು" ಎನ್ನುತ್ತ ಮೀನಿಗೆ ನಿವಾಳಿಸಿದರು.

"ಇದನ್ನೀಗ ಹರಿಯೋ ನೀರಿಗೆ ಹಾಕ್ಬೇಕು ಕಣೇ."

ನಾನು ಫಿಲ್ಟರ್ ಜೋರು ಮಾಡಿದೆ. "ಇಗೋ ಅತ್ತೆ, ಇಲ್ಲೇ ಹರೀತಿದೆ!"

ಉಪ್ಪು ತೊಟ್ಟಿಗೆ ಬಿತ್ತು. ಗೆದ್ದೆನೆಂದು ಬೀಗಿದೆ.

ವಾರದಲ್ಲಿ ಚುಕ್ಕೆಗಳೆಲ್ಲ ಮಾಯವಾದವು. ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಮರುದಿನ ಆ ಅಂಗಡಿಯವನೇ ಬಾಗಿಲಿಗೆ ಬಂದ. ನನ್ನನ್ನು ತಿರುಗಿಯೂ ನೋಡದೆ ಅತ್ತೆಗೆ ಕೈಮುಗಿದ.

"ಅಮ್ಮಾ, ನಮ್ಮಂಗಡಿ ಮೀನಿಗೂ ಒಂದ್ಸಲ ದೃಷ್ಟಿ ತೆಗೆದುಕೊಡಿ. ಬರೀ ಉಪ್ಪಲ್ಲಿ ವಾಸಿ ಆಗ್ತಿಲ್ಲ."