ಬಿಸಿಯಾಗದ ಪಟ್ಟಿ

ನಮ್ಮ ಶಾಲೆಯ ಶಿಕ್ಷಕರೆಲ್ಲ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿಕೊಳ್ಳುತ್ತಾರೆ; ತರಗತಿಯ ಮಕ್ಕಳಿಗೆ ಗೊಂದಲವಾದರೆ ಅದು ಬಿಸಿಯಾಗುತ್ತದೆ. ಶಿಕ್ಷಕರು ಕೂಡಲೇ ಉತ್ತರ ಹೇಳಿಬಿಡುತ್ತಾರೆ, ಪಟ್ಟಿ ತಣ್ಣಗಾಗುತ್ತದೆ. ಮುಖ್ಯೋಪಾಧ್ಯಾಯಿನಿಯಾಗಿ ಆರು ವರ್ಷ ನಾನು ತಣ್ಣಗಿನ ಪಟ್ಟಿಗಳನ್ನೇ ಹೊಗಳಿದ್ದೆ. ನದಾಫ್ ಮಾಸ್ತರರ ಪಟ್ಟಿಯಂತೂ ವರ್ಷವಿಡೀ ಬಿಸಿಯಾಗಿರಲಿಲ್ಲ. ಅವರ ಕ್ರಮವನ್ನು ತಾಲ್ಲೂಕಿಗೆಲ್ಲ ಶಿಫಾರಸು ಮಾಡುವ ಮೊದಲು, ನಾನೂ ಒಂದು ಪಟ್ಟಿ ಕಟ್ಟಿಕೊಂಡು ಅವರ ಐದನೇ ತರಗತಿಯಲ್ಲಿ ಹೋಗಿ ಕುಳಿತೆ.

ನಾಲ್ಕರಲ್ಲಿ ಎರಡು ಭಾಗವೆಂದರೆ ಅರ್ಧ ಎಂದು ಮಕ್ಕಳೆಲ್ಲ ಒಂದೇ ದನಿಯಲ್ಲಿ ಹೇಳಿದರು. "ಯಾಕ ಹಂಗ?" ಎಂದು ಮುಂದಿನ ಸಾಲಿನ ರೇಣವ್ವನನ್ನು ಕೇಳಿದೆ.

"ಸರ್ ಹೇಳ್ಯಾರ್ರಿ," ಎಂದಳು.

ಪಟ್ಟಿ ತಣ್ಣಗೇ ಇತ್ತು. ಅವಳಿಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇರಲಿಲ್ಲ; ಹಾಗಾಗಿ ಗೊಂದಲವೂ ಇರಲಿಲ್ಲ.

ನನ್ನ ಊಟದ ಡಬ್ಬಿಯಿಂದ ದೊಡ್ಡದೊಂದು ರೊಟ್ಟಿ, ಸಣ್ಣದೊಂದು ಚಪಾತಿ ತೆಗೆದು ಎರಡನ್ನೂ ಅರ್ಧ ಮಾಡಿದೆ. "ಇದೂ ಅರ್ಧ, ಇದೂ ಅರ್ಧ. ಎರಡೂ ಸಮ ಅದಾವೇನು?"

ಕೆಲವರು ಹೌದೆಂದರು, ಕೆಲವರು ಇಲ್ಲವೆಂದರು. ಮಣಿಕಟ್ಟು ಸುಡತೊಡಗಿತು. ನದಾಫ್ ಗಾಬರಿಯಿಂದ ಎದ್ದರು. "ಮೇಡಂ, ನಾ ಹೇಳಿಬಿಡ್ತೀನ್ರಿ."

"ಸ್ವಲ್ಪ ತಡೀರಿ," ಎಂದೆ. ಉರಿ ನನಗೂ ತಾಳಲಾಗುತ್ತಿರಲಿಲ್ಲ.

ರೇಣವ್ವ ಎರಡೂ ತುಂಡುಗಳನ್ನು ಒಂದರ ಮೇಲೊಂದಿಟ್ಟು ಬಹಳ ಹೊತ್ತು ನೋಡಿದಳು.

"ಬರೇ ಅರ್ಧ ಅಂದ್ರ ಸಾಲಂಗಿಲ್ರಿ," ಎಂದಳು. "ಯಾತರ ಅರ್ಧ ಅಂತ ಮೊದ್ಲ ಕೇಳ್ಬೇಕು."

ನದಾಫ್ ಮೆಲ್ಲಗೆ ಅವಳ ಪಕ್ಕದಲ್ಲಿ ಕುಳಿತರು. "ಇನ್ನೊಮ್ಮೆ ಹೇಳವ್ವಾ," ಎಂದರು.