ಮೇಯರ್ ಉಗುಳಿದ ನಿಂಬೆಹೋಳು

ತೊಟ್ಟಿಯ ತಳದಲ್ಲಿ ಒಂದು ನಿಂಬೆಹೋಳು ಬಿದ್ದಿತ್ತು.

ಮೊದಲು ಕಂಡದ್ದು ರೈನ್ಸ್ಕೆಗೆ. ತಮ್ಮ ವೊಬ್ಬೆಯ ಮನೆಗೆ ಕಾಫಿಗೆಂದು ಬಂದವಳು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಗಾಜಿಗೆ ಹಣೆ ಒತ್ತಿ ನೋಡಿದಳು. ಒಳಗಿನಿಂದ ಮೇಯರ್ ಕೂಡ ಅವಳನ್ನೇ ನೋಡಿದ.

ಮೇಯರ್ ಎಂದರೆ ವೊಬ್ಬೆಯ ಕ್ಯಾಟ್‌ಫಿಶ್. ಬೆರಳುದ್ದವಿದ್ದಾಗ ತಂದದ್ದು, ಈಗ ಒಬ್ಬರೇ ತಬ್ಬಿ ಎತ್ತುವುದು ಕಷ್ಟ. ಕಪ್ಪು ಬೆನ್ನು, ಬಿಳಿ ಹೊಟ್ಟೆ, ಕೆಂಪು ಬಾಲ, ಊರ ಹಿರಿಯನಿಗೆ ಇರಬೇಕಾದಂಥ ಮೀಸೆ. ಅವನಿಗಾಗಿ ಸೋಫಾ ಹೋಯಿತು, ಟಿವಿ ಹೋಯಿತು, ಮುಂಗೋಣೆಯ ಮುಕ್ಕಾಲು ಪಾಲು ನೀರಾಯಿತು. ಜೊತೆಗಿದ್ದ ಮೀನುಗಳು ಒಂದೊಂದಾಗಿ ಮಾಯವಾದವು. ಅಜ್ಜಿಕಥೆಯ ರಾಕ್ಷಸನ ಹಾಗೆ ಮೇಯರ್ ಒಬ್ಬನೇ ಉಳಿದ. ಹಾರ್ಲಿಂಗನ್ ಎಂಬ ಬಂದರು ಊರಿನ ಆ ಬೀದಿಯಲ್ಲಿ ಯಾರೂ ಕಿಟಕಿಗೆ ಪರದೆ ಎಳೆಯುವುದಿಲ್ಲ. ಹೋಗಿಬರುವವರೆಲ್ಲ ಅವನಿಗೆ ಕೈಬೀಸಿಯೇ ಮುಂದೆ ಹೋಗುತ್ತಿದ್ದರು.

ಅಂಥ ಮೇಯರ್ ಈಗ ಊಟ ಬಿಟ್ಟಿದ್ದ. ವಾರಕ್ಕೆರಡು ಸಲ ವೊಬ್ಬೆಯ ಕೈಯಿಂದ ಸಿಗಡಿ ಕಸಿದು ನುಂಗುತ್ತಿದ್ದವನು, ಈಚೆಗೆ ಮುಖ ತಿರುಗಿಸಿ ಮೂಲೆ ಸೇರುತ್ತಿದ್ದ. ಹೊಟ್ಟೆ ಮಾತ್ರ ಡೋಲಿನಂತೆ ಉಬ್ಬಿತ್ತು. ಊರಾಚೆಯ ಮೀನುಧಾಮದವರು ಬಂದು ನೋಡಿ, ಏನೋ ಕಾಯಿಲೆ ಎಂದರು. ಶನಿವಾರ ಮತ್ತೆ ಬರುತ್ತಾರೆ. ಆಗಲೂ ತಿನ್ನದಿದ್ದರೆ ಅವನನ್ನು ತಮ್ಮ ದೊಡ್ಡ ಕೊಳಕ್ಕೆ ಸಾಗಿಸುತ್ತಾರೆ. ವೊಬ್ಬೆ ಒಪ್ಪಿದ್ದ. ಒಪ್ಪಿದಂದಿನಿಂದ ಅವನಿಗೂ ಅನ್ನನೀರು ಸೇರುತ್ತಿರಲಿಲ್ಲ.

"ಲೋ ವೊಬ್ಬೆ, ಇದಕ್ಕೆ ಕಾಯಿಲೆ ಅಲ್ಲ ಕಣೋ," ಎಂದಳು ರೈನ್ಸ್ಕೆ. "ಹೊಟ್ಟೆ ತುಂಬಿದೆ. ಯಾರೋ ಕದ್ದು ತಿನ್ನಿಸ್ತಿದಾರೆ."

"ಯಾರಕ್ಕ ತಿನ್ನಿಸ್ತಾರೆ?"

"ಮತ್ತೆ ನಿಂಬೆಹಣ್ಣು ತಾನಾಗೇ ಈಜ್ಕೊಂಡು ಬಂತಾ?"

ವೊಬ್ಬೆ ಬಗ್ಗಿ ನೋಡಿದ. ಕಿವಿಗಳು ಕೆಂಪಾದವು. ಸೇತುವೆ ಎತ್ತಿ ಹಡಗು ದಾಟಿಸುವ ಕೆಲಸದಲ್ಲೇ ತಲೆ ನರೆತಿದ್ದ ಆ ಮನುಷ್ಯನಿಗೆ ಸಿಟ್ಟು ಬಂದರೂ ನಾಚಿಕೆಯಾದರೂ ಮಾತು ಹೊರಡುತ್ತಿರಲಿಲ್ಲ, ಕಿವಿ ಕೆಂಪಾಗುತ್ತಿತ್ತು, ಅಷ್ಟೆ. ಅಕ್ಕ ಅದನ್ನು ಸಿಟ್ಟೆಂದುಕೊಂಡಳು.

"ಬೀಗದ ಕೈ ಇನ್ಯಾರ ಹತ್ರ ಇದೆ?"

"ಪಕ್ಕದ್ಮನೆ ಅಲೈಡಾ ಅವರ ಹತ್ರ. ನಾನು ಸೇತುವೆಗೆ ಹೋದ್ಮೇಲೆ ಬಂದು ನೀರು ಬೆಚ್ಚಗಿದೆಯಾ ನೋಡ್ತಾರೆ. ಹೀಟರ್ ಕೈಕೊಟ್ರೆ ಇವನು ಉಳಿಯಲ್ಲ."

"ಬರೀ ನೋಡಿ ಹೋಗ್ತಾರಾ?"

"ನಾನು ಕೇಳ್ಕೊಂಡಿದ್ದು ಅಷ್ಟೇ."

ಅವನು ಕಾಫಿ ಬಗ್ಗಿಸಿದ. ಬಿಸ್ಕತ್ತಿನ ಡಬ್ಬಿ ತೆರೆದು ಅಕ್ಕನ ಮುಂದೆ ಹಿಡಿದ. ಅವಳು ಒಂದು ತೆಗೆದುಕೊಂಡ ಕೂಡಲೇ ಮುಚ್ಚಳ ಹಾಕಿದ. ಬಂದವರಿಗೆ ಕಾಫಿ, ಜೊತೆಗೊಂದು ಬಿಸ್ಕತ್ತು. ಅಜ್ಜಿಯಂದಿರ ಕಾಲದಿಂದಲೂ ಆ ಬೀದಿಯಲ್ಲಿ ಹಾಗೆಯೇ. ಎರಡನೆಯದನ್ನು ಯಾರೂ ಕೊಡುವುದಿಲ್ಲ, ಯಾರೂ ನಿರೀಕ್ಷಿಸುವುದೂ ಇಲ್ಲ.

ಮೇಜಿನ ಮೇಲೆ ನೀಲಿ ಅಂಚಿನ ತಟ್ಟೆಯೊಂದು ಬಿಳಿ ಕರವಸ್ತ್ರ ಹೊದ್ದು ಕೂತಿತ್ತು. ಪಕ್ಕದಲ್ಲಿ ಫೋರ್ಕು. ಬೆಣ್ಣೆಯಲ್ಲಿ ಹುರಿದ ಮೀನಿನ ಘಮ. ರೈನ್ಸ್ಕೆಯ ಕೈ ತಾನಾಗಿ ಅತ್ತ ಹೋಯಿತು.

"ಮುಟ್ಟಬೇಡಕ್ಕ."

"ಊಟ ಸೇರಲ್ಲ ಅಂತ ಅಳ್ತೀಯ, ತಟ್ಟೆ ನೋಡಿದ್ರೆ ಮದುವೆ ಊಟ. ಜಿಪುಣ ಕಣೋ ನೀನು." ಅವಳು ಎದ್ದು ಹೋಗಿ ಬಾಗಿಲಲ್ಲಿದ್ದ ತಮ್ಮನ ಸೈಕಲನ್ನು ಹಿತ್ತಿಲಿಗೆ ತಳ್ಳಿ ಬಂದಳು. "ಸೈಕಲ್ ಇಲ್ದಿದ್ರೆ ನೀನೂ ಇಲ್ಲ ಅಂತ ಲೆಕ್ಕ. ಬಾ, ಅಡುಗೆಮನೇಲಿ ಕೂರೋಣ."

"ಬೇಡ ಅಕ್ಕ. ಕೆಲಸಕ್ಕೆ ಹೊತ್ತಾಯ್ತು."

"ಹಡಗು ಸ್ವಲ್ಪ ಕಾಯ್ಲಿ. ಶನಿವಾರ ಮೇಯರ್ ಹೋದ್ರೆ ಆಮೇಲೆ ಖಾಲಿ ತೊಟ್ಟಿಗೆ ಕೈಬೀಸ್ತಾ ಕೂತಿರ್ತೀಯ."

ಅಡುಗೆಮನೆಯಲ್ಲಿ ಹೆಚ್ಚು ಕಾಯಬೇಕಾಗಲಿಲ್ಲ. ಬೀಗದ ಕೈ ತಿರುಗಿತು. ಅಲೈಡಾ ಬೂಟು ಬಿಚ್ಚಿಟ್ಟು, ಕಾಲುಚೀಲದಲ್ಲೇ ತೊಟ್ಟಿಯ ಬಳಿ ಬಂದು ಥರ್ಮಾಮೀಟರ್ ನೋಡಿದಳು.

"ನಮಸ್ಕಾರ ಮೇಯರ್ ಸಾಹೇಬ್ರೇ," ಎಂದಳು. "ನಿಮ್ಮ ಯಜಮಾನ್ರಿಗೆ ನಿಮ್ಮ ಮೇಲೆ ಅದೆಷ್ಟು ಪ್ರೀತಿ. ನಮ್ಮಂಥವರು ಎದುರಿಗೆ ಬಂದ್ರೆ ಬಾಯೇ ಬಿಡಲ್ಲ."

ನಂತರ ಕರವಸ್ತ್ರ ಸರಿಸಿ, ತಟ್ಟೆಯನ್ನೆತ್ತಿಕೊಂಡು ತೊಟ್ಟಿಯತ್ತ ನಡೆದಳು.

"ಸಿಕ್ಕಿಬಿದ್ರಿ," ಎಂದು ರೈನ್ಸ್ಕೆ ಹೊರಗೆ ಬಂದಳು. ಹಿಂದೆ ವೊಬ್ಬೆ, ಕಿವಿ ಕೆಂಪಗೆ.

ಅಲೈಡಾ ಬೆಚ್ಚಿದಳು. ಆದರೆ ಕಳ್ಳರು ಬೆಚ್ಚುವ ಹಾಗಲ್ಲ. "ಅಯ್ಯೋ, ಮನೇಲೇ ಇದ್ರಾ? ಏನಾಯ್ತು?"

"ನನ್ನ ತಮ್ಮನ ಊಟ ತೆಗೆದು ಮೀನಿಗೆ ಹಾಕ್ತಿದೀರಲ್ಲ."

"ಇವರ ಊಟಾನಾ?" ಅಲೈಡಾ ತಟ್ಟೆ ನೋಡಿದಳು, ವೊಬ್ಬೆಯನ್ನು ನೋಡಿದಳು. "ಮೇಯರ್‌ಗೆ ಅಂತಲ್ವಾ? ನಾನು ಬರೋ ಹೊತ್ತಿಗೆ ಸರಿಯಾಗಿ ದಿನಾ ಇಟ್ಟಿರ್ತಾರೆ. ಬೆಣ್ಣೆ ಒರೆಸಿ, ಮೀನನ್ನ ತೊಟ್ಟಿಗೆ ಹಾಕಿ, ತಟ್ಟೆ ತೊಳೆದು ಕವುಚಿ ಹೋಗ್ತೀನಿ. ನಿನ್ನೆ ನಿಂಬೆಹೋಳನ್ನೂ ಹಾಕಿದೆ, ಸಾಹೇಬ್ರು ಉಗುಳಿಬಿಟ್ರು."

"ಮೀನಿಗೆ ಫೋರ್ಕು ಯಾಕ್ರೀ? ಕರವಸ್ತ್ರ ಯಾಕೆ?"

"ನಾನೂ ಯೋಚಿಸ್ದೆ. ನಿಮ್ಮನೆ ಪದ್ಧತಿ ಇರಬೇಕು ಅಂದ್ಕೊಂಡೆ."

ರೈನ್ಸ್ಕೆ ತಮ್ಮನತ್ತ ತಿರುಗಿದಳು. "ಅಲ್ವೋ, ದಿನಾ ಊಟ ಇಲ್ಲೇ ಮರೆತು ಹೋಗ್ತಿದ್ಯಾ?"

"ಮರೆತದ್ದಲ್ಲ," ಎಂದ ವೊಬ್ಬೆ. ಮೇಯರ್‌ನ ಉಬ್ಬಿದ ಹೊಟ್ಟೆಯನ್ನು ನೋಡಿದ. "ಅಲೈಡಾ ಅವರೇ, ಶನಿವಾರದವರೆಗೆ ಇವನಿಗೆ ಏನೂ ಹಾಕಬೇಡಿ. ಹಸಿವಾದ್ರೆ ನನ್ನ ಕೈಯಿಂದ ತಿಂತಾನೆ. ಇಲ್ಲೇ ಉಳಿತಾನೆ."

"ಆಯ್ತು. ಹಾಗಾದ್ರೆ ಈ ತಟ್ಟೆ?"

ವೊಬ್ಬೆ ಒಂದು ಕುರ್ಚಿ ಎಳೆದ. ಬಿಸ್ಕತ್ತಿನ ಡಬ್ಬಿ ತೆರೆದು ಅವಳ ಮುಂದಿಟ್ಟ. ಮುಚ್ಚಳ ಹಾಕಲಿಲ್ಲ.

"ಕೂತ್ಕೊಳ್ಳಿ. ಮೊದಲನೇ ದಿನದಿಂದ್ಲೂ ಅದು ನಿಮಗೇ ಇಟ್ಟಿದ್ದು."