ಹನ್ನೊಂದು ಸಸಿ

ಕಿಟ್ಟು ಅಮ್ಮನ ಕೋಣೆಯ ಬಾಗಿಲು ತಳ್ಳಿದವನು ಹೊಸ್ತಿಲಲ್ಲೇ ನಿಂತುಬಿಟ್ಟ. ಒಳಗಿನ ತಣ್ಣನೆ ಗಾಳಿ ಅವನ ಬೆನ್ನ ಹಿಂದಿದ್ದ ಅಕ್ಕ ಜಯಲಕ್ಷ್ಮಿಯ ಕಾಲಿಗೂ ತಾಕಿತು. ಅಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು.

"ಏಸಿ ಸುಮ್ಮಾ ಯಾಕಕ್ಕಾ ಓಡ್ತಿದೆ? ಒಳಗೆ ಯಾರಿದಾರೆ?"

"ಯಾರೂ ಇಲ್ಲ. ಬೇಗ ಬಾಗಿಲು ಹಾಕು, ಸೆಕೆ ಬರುತ್ತೆ."

ಅವನು ಅಣ್ಣಾ ನಗರದಿಂದ ನುಂಗಂಬಾಕ್ಕಂಗೆ ಬಂದದ್ದು ಅಮ್ಮನ ಆಸ್ಪತ್ರೆ ಮಂಚ ಸಾಗಿಸಲು. ಅಂಬತ್ತೂರಿನ ವೃದ್ಧಾಶ್ರಮವೊಂದಕ್ಕೆ ಅದನ್ನು ಕೊಡುವುದೆಂದು ಅಕ್ಕ ತಮ್ಮ ಫೋನಿನಲ್ಲೇ ಮಾತಾಡಿಕೊಂಡಿದ್ದರು. ಆದರೆ ಮಂಚದ ಮೇಲೆ ಅಗಲವಾದ ಒಂದು ಟ್ರೇ ಇತ್ತು, ಅದರ ನೆತ್ತಿಗೆ ಟ್ಯೂಬ್‌ಲೈಟು ಇಳಿಬಿದ್ದಿತ್ತು. ಕಿಟ್ಟು ಕನ್ನಡಕ ಏರಿಸಿ ಬಗ್ಗಿ ನೋಡಿದ. ತೇವದ ಮಣ್ಣಿನಲ್ಲಿ ಕಿರುಬೆರಳ ಉಗುರಿಗಿಂತ ಚಿಕ್ಕ ಎಲೆಗಳು, ಅಂಚಿಗೆ ಸಣ್ಣ ಸಣ್ಣ ಹಲ್ಲು.

"ಹನ್ನೊಂದಿವೆ," ಎಂದಳು ಜಯಲಕ್ಷ್ಮಿ. "ಸ್ಟ್ರಾಬೆರಿ. ಅಂಗಡೀಲಿ ಸಿಗೋ ದೊಡ್ಡದಲ್ಲ, ಬೆಟ್ಟದ ಜಾತಿ. ಹಣ್ಣು ಬೆರಳ ತುದಿಯಷ್ಟೇ, ಆದ್ರೆ ಘಮ ಮನೆಯೆಲ್ಲಾ ತುಂಬುತ್ತಂತೆ."

"ಈ ಮದ್ರಾಸಿನಲ್ಲಾ? ಕೊಡೈಕೆನಾಲ್ ಬೆಟ್ಟಕ್ಕೆ ಹೋಗಿ ಹಾಕಬೇಕು ಇದನ್ನ."

ಅವನು ಕೇಳಿದ್ದೇ ಅವಳಿಗೆ ಸಾಕಾಯಿತು. ಬೀಜವನ್ನು ಒದ್ದೆ ಕಾಗದದಲ್ಲಿ ಸುತ್ತಿ ಫ್ರಿಜ್‌ನಲ್ಲಿ ಮೊಸರಿನ ಪಕ್ಕ ಒಂದು ತಿಂಗಳು ಇಟ್ಟದ್ದು, ಬೆಳಕು ಬೇಕೆಂದು ಮೇಲೆ ಮಣ್ಣು ಮುಚ್ಚದೆ ಉದುರಿಸಿದ್ದು, ಎರಡೆರಡು ಗಂಟೆಗೊಮ್ಮೆ ಬಂದು ತೇವ ಮುಟ್ಟಿ ನೋಡಿದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಇಪ್ಪತ್ತೆರಡು ದಿನ ಏನೂ ಇಲ್ಲ. ಇಪ್ಪತ್ಮೂರನೆಯ ಬೆಳಿಗ್ಗೆ ಒಂದು ತಲೆ ಎತ್ತಿತ್ತು. ಯಾರಿಗೆ ಹೇಳಬೇಕೆಂದು ತೋಚದೆ ಹಾಲಿನ ಪ್ಯಾಕೆಟ್ ಹಾಕುವ ಹೆಂಗಸಿಗೆ ಹೇಳಿದ್ದಳು. ಆಕೆ "ಶರಿ ಮಾಮಿ" ಎಂದು ಮೆಟ್ಟಿಲಿಳಿದು ಹೋಗಿದ್ದಳು.

"ಹದಿನೇಳು ವರ್ಷ ನೀನು ಅಮ್ಮನ್ನ ನೋಡ್ಕೊಂಡೆ. ಈಗಲಾದ್ರೂ ಹಾಯಾಗಿ ಇರಬಾರದಾ ಅಕ್ಕಾ? ಗಿಡ ಬೇಕಂದ್ರೆ ಟೊಮೇಟೊ ಹಾಕು, ತಾನಾಗೇ ಬರುತ್ತೆ."

"ತಾನಾಗೇ ಬರೋದಾದ್ರೆ ನಾನ್ಯಾಕೆ ಬೇಕು?"

ಅಷ್ಟರಲ್ಲಿ ವ್ಯಾನಿನ ಇಬ್ಬರು ಆಳುಗಳು ಮೇಲೆ ಬಂದರು. ಗೇಟಿಗೆ ಅಡ್ಡವಾಗಿ ಯಾರದೋ ಸ್ಕೂಟರ್ ನಿಂತಿದೆ, ವ್ಯಾನು ಒಳಗೆ ಬರುತ್ತಿಲ್ಲ ಎಂದರು. ಜಯಲಕ್ಷ್ಮಿ ಟ್ರೇಯನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿ ಪಕ್ಕದ ಮೇಜಿನ ಮೇಲಿಟ್ಟು, ಪರದೆ ಎಳೆದು ಕೆಳಗಿಳಿದಳು. ಸ್ಕೂಟರಿನವನನ್ನು ಹುಡುಕಲು ಮೂರು ಮನೆ ಬಾಗಿಲು ತಟ್ಟಬೇಕಾಯಿತು. ಅವಳು ಮರಳಿ ಹತ್ತುವಾಗ ಮುಕ್ಕಾಲು ಗಂಟೆ ಕಳೆದಿತ್ತು. ಬಿಡಿಬಿಡಿಯಾಗಿದ್ದ ಮಂಚ ಮೆಟ್ಟಿಲ ಮೇಲೆ ಅವಳಿಗೆ ಎದುರಾಯಿತು. ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು.

ಕೋಣೆ ಸುಡುತ್ತಿತ್ತು. ಏಸಿ ಆರಿತ್ತು, ಪರದೆ ಸರಿದಿತ್ತು, ಎರಡೂ ಕಿಟಕಿಗಳು ತೆರೆದಿದ್ದವು. ಏಪ್ರಿಲ್ ಬಿಸಿಲು ನೇರ ಟ್ರೇಯ ಮೇಲೆ ಬಿದ್ದಿತ್ತು. ಮಣ್ಣಿನ ಮೇಲ್ಪದರ ಒಣಗಿ ಬೆಳ್ಳಗಾಗಿತ್ತು. ಏಳು ಸಸಿಗಳು ನೂಲಿನ ಎಳೆಗಳಂತೆ ನೆಲಕ್ಕೆ ಒರಗಿದ್ದವು. ಅಂಚಿನ ನೆರಳಿನಲ್ಲಿದ್ದ ನಾಲ್ಕು ಮಾತ್ರ ಇನ್ನೂ ನಿಂತಿದ್ದವು.

ಅವಳು ಕೂಗಾಡಲಿಲ್ಲ. ಕಿಟಕಿ ಮುಚ್ಚಿ ಏಸಿ ಹಾಕಿದಳು. ಅಮ್ಮನಿಗೆ ಮೂಗಿನ ನಳಿಕೆಯಲ್ಲಿ ಗಂಜಿ ಕೊಡುತ್ತಿದ್ದ ದೊಡ್ಡ ಸಿರಿಂಜನ್ನು ಕಪಾಟಿನಿಂದ ತೆಗೆದು, ನೀರು ತುಂಬಿ, ಟ್ರೇಯ ಅಂಚಿನಲ್ಲಿ ಹನಿಹನಿಯಾಗಿ ಬಿಡತೊಡಗಿದಳು. ಎಷ್ಟು ನಿಧಾನಕ್ಕೆ ಒತ್ತಬೇಕೆಂಬುದು ಆ ಹೆಬ್ಬೆರಳಿಗೆ ಚೆನ್ನಾಗಿ ಗೊತ್ತಿತ್ತು.

ಬೈಕಿನ ಕೀಲಿ ಮರೆತು ಮೇಲೆ ಬಂದ ಕಿಟ್ಟು ಅವಳನ್ನು ಕಂಡ, ಆಮೇಲೆ ಟ್ರೇಯನ್ನು ಕಂಡ.

"ಅಯ್ಯೋ, ನಾನೇ ಕಿಟಕಿ ತೆಗೆದೆ ಅಕ್ಕಾ. ಆಳುಗಳಿಗೆ ಬೆವರು ಸುರೀತಿತ್ತು, ಗಾಳಿ ಬರಲಿ ಅಂತ... ಬದುಕ್ತವಾ?"

"ನಾಲ್ಕು ಬದುಕಬಹುದು. ಮಿಕ್ಕದ್ದು ಸಂಜೆಗೆ ಗೊತ್ತಾಗುತ್ತೆ."

"ಬೇರೆ ಬೀಜ ತರಿಸ್ತೀನಿ, ಈಗಲೇ."

"ಬೇಡ."

ಕೆಳಗೆ ವ್ಯಾನು ಹಾರ್ನ್ ಹೊಡೆಯಿತು. ಕಿಟ್ಟು ಕೀಲಿ ತೆಗೆದುಕೊಂಡು ಬಾಗಿಲವರೆಗೆ ಹೋದವನು ತಿರುಗಿ ನಿಂತ. "ಏನು ಬೇಕಾದ್ರೂ ಒಂದು ಕೂಗು ಕೂಗಕ್ಕಾ. ಅರ್ಧ ಗಂಟೇಲಿ ಇಲ್ಲಿರ್ತೀನಿ."

ಸಿರಿಂಜು ನಿಂತಿತು. ಅವಳು ಟ್ರೇಯಿಂದ ಕಣ್ಣೆತ್ತಲಿಲ್ಲ.

"ನಾನು ಕೂಗೋದಿರಲಿ ಕಿಟ್ಟೂ. ಅಮ್ಮ ದಿನಕ್ಕೆ ನಲವತ್ತು ಸಲ ಜಯಾ, ಜಯಾ ಅಂತಿದ್ಲು. ತಲೆ ಚಿಟ್ಟು ಹಿಡೀತಿತ್ತು ನಂಗೆ. ಈಗ ಬೀದಿಯವರಿಗೆಲ್ಲಾ ನಾನು ಮಾಮಿ. ನಿನ್ನ ಹೆಂಡತಿಗೆ ಅತ್ತಿಗೆ. ನನ್ನನ್ನ ಜಯಾ ಅನ್ನೋರು ಒಬ್ಬರೂ ಉಳಿದಿಲ್ಲ." ಸಿರಿಂಜು ಕೆಳಗಿಟ್ಟು ಹೇಳಿದಳು: "ನೀನಾದ್ರೂ ಒಂದು ಸಲ ಅನ್ನು."

ಕಿಟ್ಟು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಮತ್ತೆ ಹಾಕಿಕೊಂಡ. ಅವನ ತುಟಿ ಅಲುಗುವುದನ್ನು ಅವಳು ಈಗ ನೋಡುತ್ತಿದ್ದಳು. ಕಡೆಗೂ ಮಾತು ಹೊರಟಿತು.

"ಅಕ್ಕಾ..." ಎಂದ.